ಮೈಲುತುತ್ತದ ಬಣ್ಣದ ಕೋಡು

ಹೊರಡುವ ಮೊದಲು

ಇಂಗ್ಲೆಂಡಿನಲ್ಲಿ ನಾನು ಇದ್ದದ್ದು ಹದಿನಾಲ್ಕು ತಿಂಗಳು. ಊರಿಗೆ ಬಂದ ಮೇಲೆ ಜನ ಕೇಳುವುದು ರಾಣಿಯ ಅರಮನೆ, ನೆಲದಡಿಯ ರೈಲು, ಹಿಮ. ಕೇಳಿದವರಿಗೆಲ್ಲ ಹೇಳಿ ಹೇಳಿ, ಅದರಲ್ಲಿ ನಾನು ಕಂಡದ್ದೆಷ್ಟು, ಹೇಳುತ್ತ ಹೇಳುತ್ತ ಸೇರಿಕೊಂಡದ್ದೆಷ್ಟು ಎನ್ನುವುದು ಈಗ ನನಗೇ ತಿಳಿಯದಾಗಿದೆ. ಆದ್ದರಿಂದ ಅವುಗಳನ್ನು ಬಿಟ್ಟು ಐದು ದಿನಗಳ ಒಂದೇ ಒಂದು ಪ್ರವಾಸವನ್ನು ಬರೆಯುತ್ತೇನೆ. ದಿನಚರಿ ಎದುರಿಗಿದೆ. ಅದಕ್ಕೂ ನನ್ನ ನೆನಪಿಗೂ ಜಗಳ ಬಿದ್ದ ಕಡೆ ಎರಡನ್ನೂ ಹೇಳುತ್ತೇನೆ.

ಇದು ನನ್ನ ಮಾವನ ಕತೆಯೂ ಹೌದು. ಒಪ್ಪಿಗೆ ಕೇಳಿ ಬರೆದಾಗ ಅವರಿಂದ ಒಂದು ಕಾರ್ಡು ಬಂತು: "ಹೆಸರು ಬ್ಯಾಡ. ಊರು ಇರಲಿ." ಹಾಗಾಗಿ ಅವರು ಇಲ್ಲಿ ಬರೀ ಮಾವ.

ಮಾವ ನನ್ನ ತಾಯಿಯ ತಮ್ಮ. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದವರು. ತಿರುಗಿ ಬಂದ ಮೇಲೆ ಯಲ್ಲಾಪುರದಲ್ಲಿ ನಿಂತು ಕಾಡಿನಿಂದ ಮರದ ನಾಟಾ ಸಾಗಿಸುವ ಲಾರಿ ಓಡಿಸುತ್ತಿದ್ದರು. ಶಿರಸಿಗೆ ಬಂದಾಗಲೆಲ್ಲ ನಮ್ಮ ಬೆಲ್ಲ-ಕಾಳಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಯುದ್ಧದ ಕತೆ ಹೇಳುವರು. ಒಂದು ಕತೆ ಹೀಗೆ: ಅಸ್ಸಾಮಿನಿಂದ ಬರ್ಮಾ ಹಾಯ್ದು, ಹೊಸದಾಗಿ ಕಡಿದ ರಸ್ತೆಯಲ್ಲಿ ಚೀನಾದ ಒಳಗಿನವರೆಗೆ ಲಾರಿ ಒಯ್ದರು. ಅಲ್ಲಿ ಗುಡ್ಡದಲ್ಲಿ ಲಾರಿ ಕೆಟ್ಟು ಮೂರು ದಿನ ನಿಂತಿತು. ಹಸಿವಿಗೆ ಅಲ್ಲಿಯ ಜನ ಒಂದು ಗಿಡ ತೋರಿಸಿದರು.

"ಅವರೀಕೋಡಿನಾಂಗ ಇರ್ತದ, ಬೆರಳಿನಷ್ಟು ದಪ್ಪ. ಬಣ್ಣ ಥೇಟ್ ಮೈಲುತುತ್ತ! ಸುಲಿದ್ರ ಒಳಗ ಎಳನೀರ ಗಂಜಿ ಹಾಂಗ ತಿರುಳು, ನಡುವ ಕರಿ ಬೀಜ. ಸೀ ಅಂದ್ರ ಸೀ."

ಮೈಲುತುತ್ತ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆ ಹತ್ತದಂತೆ ಸುಣ್ಣದ ಜೊತೆ ಕಲಸಿ ಹೊಡೆಯುವ ನೀಲಿ ಮದ್ದು ಅದು. "ಚೀನಾದಾಗೂ ಮದ್ದು ಹೊಡೀತಾರೇನ್ರೀ?" ಎಂದು ಕಟ್ಟೆಯ ಮೇಲಿನವರೊಬ್ಬರು ಕೇಳಿದರು. ಅಂದಿನಿಂದ ಮಾವನಿಗೆ "ಮದ್ದು ಹೊಡೆದ ಅವರೆ" ಎಂಬ ಹೆಸರು ಬಿತ್ತು. ಅವರು ಕಲಕತ್ತೆ ದಾಟಿಯೇ ಇಲ್ಲ, ಅಲ್ಲಿ ಗುದಾಮಿನಲ್ಲಿ ಲಾರಿ ತೊಳೆಯುತ್ತಿದ್ದರು ಎಂಬ ಮಾತೂ ಹುಟ್ಟಿತು. ಮಾವ ನಗುವವರ ಜೊತೆ ನಗುತ್ತಲೇ ಮುಂದಿನ ಸಲ ಮತ್ತೆ ಅದೇ ಕತೆ ಹೇಳುತ್ತಿದ್ದರು.

ಆ ಕತೆಯನ್ನು ನಿಲ್ಲಿಸಿದವನು ನಾನು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ಅಕ್ಕನ ನಿಶ್ಚಿತಾರ್ಥದ ಊಟಕ್ಕೆ ಸಿದ್ದಾಪುರದ ಬೀಗರು ಬಂದಿದ್ದರು. ಅವರ ಮುಂದೆ ಮಾವ ಕತೆ ಎತ್ತಿದಾಗ, ಅವರೆಯ ಕುಲದಲ್ಲಿ ಅಂಥ ನೀಲಿ ಕಾಯಿಯ ಗಿಡ ಇಲ್ಲವೆಂದು ನಾನು ಹೇಳಿದೆ. ಮೆಲ್ಲಗೆ, ಪಕ್ಕದವರಿಗಷ್ಟೇ ಕೇಳುವಂತೆ ಹೇಳಿದೆ ಎಂಬುದು ನನ್ನ ನೆನಪು. ಅಕ್ಕ ಹೇಳುವುದು ಬೇರೆ: ನಾನು ಊಟದ ನಡುವೆ ಎದ್ದು, ಟ್ರಂಕಿನಿಂದ ಪುಸ್ತಕ ತಂದು, ಎಡಗೈಯಲ್ಲಿ ಹಾಳೆ ತಿರುವಿ ಬೀಗರಿಗೆ ತೋರಿಸಿದೆನಂತೆ. ಎಡಗೈಯ ವಿವರವನ್ನು ಯಾರೂ ಕಟ್ಟಿ ಹೇಳಲಾರರು. ಅಕ್ಕನ ಮಾತೇ ನಿಜವಿರಬೇಕು.

ಮಾವ ಆಮೇಲೆ ಆ ಕತೆ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತರೂ ಟೈರು, ಡೀಸೆಲ್ಲು, ಘಟ್ಟದ ತಿರುವು ಅಷ್ಟೇ.

ಮೊದಲ ದಿನ: ರೈಲು

ಒಂದು ಸಾವಿರದ ಒಂಬೈನೂರ ಅರವತ್ತೆರಡರ ಅಕ್ಟೋಬರ್. ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ನಾನು ಬಂದು ತಿಂಗಳು ಕಳೆದಿತ್ತು. ನೈಋತ್ಯದ ಮೂಲೆಯ ಕಾರ್ನ್‌ವಾಲ್‌ನಲ್ಲಿ ಹವೆ ಬೆಚ್ಚಗಿರುವುದರಿಂದ ಬೇರೆಲ್ಲೂ ಬದುಕದ ಜರೀಗಿಡಗಳು ಅಲ್ಲಿ ಬೆಳೆಯುತ್ತವೆ. ಅವುಗಳ ಮಾದರಿ ತರಲು ನಮ್ಮ ಪ್ರೊಫೆಸರರು ನನ್ನನ್ನು ಕಳಿಸಿದರು. ಜೊತೆಗೆ ಬಂದವನು ಹೆಗಡೆಕಟ್ಟಾದ ಹೆಗಡೆ. ಬಟ್ಟೆಗೆ ಬಣ್ಣ ಹಾಕುವ ರಸಾಯನಶಾಸ್ತ್ರ ಕಲಿಯಲು ಬಂದಿದ್ದವನು. ಪರೀಕ್ಷೆ ಮುಗಿಸಿ ಹಡಗಿಗೆ ಕಾಯುತ್ತಿದ್ದ. ಶಿರಸಿಯಲ್ಲಿ ನಮ್ಮಂಗಡಿಗೆ ಅವರ ಮನೆಯವರು ಬೆಲ್ಲಕ್ಕೆ ಬರುತ್ತಿದ್ದರೂ ನಮ್ಮಿಬ್ಬರ ಗುರುತಾಗಲು ಏಳು ಸಮುದ್ರ ದಾಟಬೇಕಾಯಿತು.

ಹೆಗಡೆಯ ಚೀಲದಲ್ಲಿ ಬಟ್ಟೆಗಿಂತ ಜೋಪಾನವಾಗಿ ಸುತ್ತಿದ್ದು ಒಂದು ಗಾಜಿನ ಬಾಟಲಿ, ಅದರಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ. ಎರಡು ವರ್ಷದ ಹಿಂದೆ ತಾಯಿ ಕೊಟ್ಟದ್ದು. ಇನ್ನೆರಡೇ ಮಿಡಿ ಉಳಿದಿದ್ದವು.

"ಇವೆರಡು ಹಡಗಿಗೆ," ಎಂದ. "ಹಡಗಿನ ಊಟಕ್ಕೆ ಇದಿಲ್ದಿದ್ರೆ ಎಂತ ಗತಿ ಮಾರಾಯಾ?"

ಮೊದಲ ಎಡವಟ್ಟು ದಾರಿಯಲ್ಲೇ ಆಯಿತು. ಅಲ್ಲಿಯ ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ ಕಡಿದುಕೊಂಡು ಬೇರೆ ಬೇರೆ ಊರಿಗೆ ಹೋಗುತ್ತವೆ. ನಾನು ಕೂತಲ್ಲಿ ಕೂರಲಾರದವನು. ಡಬ್ಬಿಯಿಂದ ಡಬ್ಬಿಗೆ ನಡೆಯುತ್ತಾ ಹೋದೆ. ತಿರುಗಿ ಬರುವಾಗ ಹೆಗಡೆ ಇದ್ದ ಡಬ್ಬಿಯೇ ಇಲ್ಲ! ಅವನೂ ನನ್ನ ಕೋಟೂ ಉಪ್ಪಿನಕಾಯಿಯೂ ಬೇರೊಂದು ಕಡಲತೀರದ ಕಡೆ ಹೊರಟುಹೋಗಿದ್ದವು. ಎದುರು ಕೂತ ಮುದುಕಿಯೊಬ್ಬಳು ವಿಷಯ ತಿಳಿದು, "ಅಯ್ಯೋ" ಎನ್ನಲಿಲ್ಲ, "ಯಾರು, ಎಲ್ಲಿಯವನು" ಎಂದು ಕೇಳಲಿಲ್ಲ; ಚೀಲದಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಕೊಟ್ಟಳು. ನಮ್ಮ ಶಿರಸಿ ಬಸ್ಸಿನಲ್ಲಿ ಹೀಗಾಗಿದ್ದರೆ ಇಪ್ಪತ್ತು ಜನ ಇಪ್ಪತ್ತು ದಾರಿ ಹೇಳಿ, ಕಂಡಕ್ಟರನಿಗೆ ಬಯ್ದು, ನನ್ನ ಕುಲಗೋತ್ರವನ್ನೆಲ್ಲ ವಿಚಾರಿಸಿ ಮುಗಿಸಿರುತ್ತಿದ್ದರು. ಯಾವುದು ಹೆಚ್ಚು ಸಮಾಧಾನ ಎಂದು ನನಗೆ ಇವತ್ತಿಗೂ ನಿರ್ಧಾರವಾಗಿಲ್ಲ. ಪೆಪ್ಪರ್‌ಮಿಂಟು ಮಾತ್ರ ಬಹಳ ಹೊತ್ತು ಬಂತು.

ಫಾಲ್ಮತ್‌ನ ಮನೆ

ಹೆಗಡೆ ಮರುದಿನ ಬೆಳಿಗ್ಗೆ ಬಂದು ಸೇರಿದ, ನನ್ನ ಕೋಟನ್ನು ತನ್ನ ಕೋಟಿನ ಮೇಲೆ ಹಾಕಿಕೊಂಡು.

ನಾವು ಇಳಿದುಕೊಂಡದ್ದು ಫಾಲ್ಮತ್‌ನಲ್ಲಿ, ಕಡಲಿಗೆ ಬೆನ್ನು ಮಾಡಿದ ಒಂದು ಮನೆಯಲ್ಲಿ. ಮನೆಯೊಡತಿ ವಿಧವೆ. ಮಳೆ ಬಂದರೆ ಕ್ಷಮೆ ಕೇಳುತ್ತಾಳೆ, ಗಾಳಿ ಬೀಸಿದರೆ ಕ್ಷಮೆ ಕೇಳುತ್ತಾಳೆ, ಹವೆಯನ್ನು ತಾನೇ ಬೇಯಿಸಿ ಉಪ್ಪು ಹೆಚ್ಚು ಹಾಕಿದವಳ ಹಾಗೆ. ನಾವು ಮಾಂಸ ಮುಟ್ಟದವರು ಎಂದಾಗ ಮಾತ್ರ ಅವಳು ಕ್ಷಮೆ ಕೇಳಲಿಲ್ಲ. ನಮ್ಮನ್ನು ಯಾವುದೋ ಕಾಯಿಲೆಯವರೆಂದು ತಿಳಿದು ಗಂಜಿ ಮಾಡಿಕೊಟ್ಟಳು. ಹೆಗಡೆ ಬಾಟಲಿಯ ಕಡೆ ನೋಡಿದ. ಗಟ್ಟಿ ಮನಸ್ಸು ಮಾಡಿ ಮುಚ್ಚಿಟ್ಟ.

ಮೂರನೆಯ ದಿನ: ತೋಟ

ಗುರುವಾರ. ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಅಲ್ಲಿಂದ ನಡಿಗೆ. ಹೊಳೆಗೆ ಇಳಿಯುವ ಕಣಿವೆಯಲ್ಲಿ ಒಬ್ಬ ಶ್ರೀಮಂತ ಹೆಂಗಸಿನ ಖಾಸಗಿ ತೋಟವಿತ್ತು. ಪ್ರೊಫೆಸರರ ಚೀಟಿ ತೋರಿಸಿದ ಮೇಲೆ ಮುಖ್ಯ ತೋಟಗಾರ ಆರ್ಥರ್ ನಮ್ಮನ್ನು ಒಳಗೆ ಬಿಟ್ಟ. ಎಪ್ಪತ್ತರ ಆಸುಪಾಸು, ಒಂದು ಕಿವಿ ಮಂದ. ಗಿಡಗಳ ಬಗ್ಗೆ ಮಾತಾಡುವಾಗ "ಅವಳು" ಎನ್ನುತ್ತಾನೆ. "ಅವಳಿಗೆ ಚಳಿಯ ಹೆದರಿಕೆಯಿಲ್ಲ, ಇವಳಿಗೆ ಗಾಳಿ ಆಗಿಬರುವುದಿಲ್ಲ" ಎಂದು ಸಂಸಾರಸ್ಥನ ಹಾಗೆ ದೂರುತ್ತ ಮುಂದೆ ನಡೆದ.

ಜರೀಗಿಡಗಳ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ಹೆಗಡೆ ಒಂದು ಕಲ್ಲಿನ ಮೇಲೆ ಕೂತ. ನಾನು ಸುಮ್ಮನೆ ಕೂರಲಾರದೆ ಗೋಡೆಯ ಪಕ್ಕದ ದಾರಿಯಲ್ಲಿ ಹೋದೆ. ಆಳೆರಡಾಳು ಎತ್ತರದ ಒಂದು ಪೊದೆ. ಬುಡದಿಂದಲೇ ಹತ್ತಾರು ನೆಟ್ಟನೆ ಕೋಲುಗಳು, ತುದಿಯಲ್ಲಿ ಮೊಳಕ್ಕಿಂತ ಉದ್ದದ ಗರಿಯಂಥ ಎಲೆಗಳು. ಅರ್ಧ ಎಲೆ ಹಳದಿಯಾಗಿ ಬಿದ್ದಿದ್ದವು. ಉಳಿದ ಎಲೆಗಳ ನಡುವೆ ಜೋತಾಡುತ್ತಿದ್ದವು ಕೋಡುಗಳು. ಬೆರಳಿನಷ್ಟು ದಪ್ಪ, ಗೇಣಿಗೆ ತುಸು ಕಡಿಮೆ ಉದ್ದ, ಮೈಮೇಲೆ ಗಂಟುಗಂಟು.

ದಿನಚರಿಯಲ್ಲಿ ಆ ದಿನ ನಾನು ಬರೆದಿರುವ ಮೊದಲ ಪದ "ನೀಲಿ". ಅದರ ಕೆಳಗೆ ಎರಡು ಗೆರೆ. ಬರೀ ನೀಲಿಯಲ್ಲ, ನೀಲಿಯ ಮೇಲೆ ಬೂದಿ ಎರಚಿದ ಹಾಗೆ. ಮದ್ದು ಹೊಡೆದ ಮರುದಿನ ಬಿಸಿಲು ಬಿದ್ದಾಗ ಅಡಿಕೆ ಗೊನೆ ಕಾಣುತ್ತದಲ್ಲ, ಥೇಟ್ ಹಾಗೆ.

ಹೆಗಡೆಯನ್ನು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ನಾನು "ಮಾವಾ" ಎಂದು ಕೂಗಿದೆ ಎನ್ನುತ್ತಾನೆ ಅವನು. ಅವನು ಓಡಿ ಬಂದು ನೋಡಿ, ನಿಂತಲ್ಲೇ ನಿಂತ.

"ಎಂತದಿದು? ಇದಕ್ಕೆ ಬೋರ್ಡೋ ಮದ್ದು ಹೊಡೆದಿದ್ವಾ?"

ಅವನಿಗೆ ಕತೆ ಹೇಳಿದೆ. ನಡುವೆ ಆರ್ಥರ್ ಬಂದ. ಗಿಡದ ಹೆಸರು ಡೆಕೈಸ್ನಿಯಾ ಎಂದ. ಅವರೆಯ ಕುಲಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಯಾವುದೋ ಕಾಡುಬಳ್ಳಿಗಳ ಬಳಗ. ಮಾವ ಅವರೆಕೋಡಿನ "ಹಾಂಗ" ಎಂದಿದ್ದರು. ನಾನು "ಹಾಂಗ" ಬಿಟ್ಟು ಅವರೆ ಹಿಡಿದುಕೊಂಡು, ಅವರೆಯ ಕುಲವನ್ನೆಲ್ಲ ಹುಡುಕಿ, ಇಲ್ಲ ಎಂದು ಸಾಧಿಸಿದ್ದೆ. ಹೋಲಿಕೆಯನ್ನು ಹೆಸರೆಂದು ತಿಳಿದ ವಿದ್ಯಾವಂತ!

"ಇವಳು ಹಿಮಾಲಯದವಳೋ?" ಎಂದು ಕೇಳಿದೆ. ಆರ್ಥರ್‌ನ ಒಳ್ಳೆಯ ಕಿವಿಗೆ ಎರಡು ಸಲ ಹೇಳಬೇಕಾಯಿತು.

"ಹಿಮಾಲಯದಲ್ಲಿ ಇವಳ ಅಕ್ಕ ಇದ್ದಾಳೆ. ಅವಳ ಹಣ್ಣು ಹಳದಿ. ನೀಲಿ ಹಣ್ಣಿನವಳು ಚೀನಾದವಳು. ಚೀನಾ ಬಿಟ್ಟರೆ ನಮ್ಮಂಥವರ ತೋಟ."

ನೀಲಿ ಎಂದರೆ ಚೀನಾ. ಹಾಗಾದರೆ ಮಾವ ಕಲಕತ್ತೆ ದಾಟಿದ್ದರು, ಬರ್ಮಾ ದಾಟಿದ್ದರು. ಲಾರಿ ಕೆಟ್ಟದ್ದು ನಿಜ, ಹಸಿದದ್ದು ನಿಜ. ಹದಿನಾರು ವರ್ಷ ಒಂದು ಊರೇ ನಕ್ಕದ್ದು ನಿಜವಾದ ಮಾತಿಗೆ.

"ತಿನ್ನಬಹುದೇ?" ಎಂದೆ.

"ತಿನ್ನುವುದಕ್ಕೆ ಬೆಳೆಸಿದ್ದಲ್ಲ, ನೋಡುವುದಕ್ಕೆ. ಗಿಡದ ಮೇಲಿನದನ್ನು ಮುಟ್ಟಬೇಡ, ಒಡತಿ ದಿನಾ ಸಂಜೆ ನೋಡಲು ಬರುತ್ತಾಳೆ. ಬಿದ್ದದ್ದು ನಿನ್ನದು." ಪೈಪಿನ ಬೂದಿ ಕೊಡವಿ ಮುಂದುವರಿಸಿದ: "ನಾವು ಇದಕ್ಕೆ ಹೆಣದ ಬೆರಳು ಅನ್ನುತ್ತೇವೆ. ಮುಟ್ಟಿ ನೋಡು."

ಮುಟ್ಟಿದೆ. ತಣ್ಣಗೆ, ಮೆತ್ತಗೆ, ಚರ್ಮದ ಹಾಗೆ. ಬರೀ ನೋಡಲು ಹಣ್ಣಿನ ಗಿಡ ಬೆಳೆಸುತ್ತಾರೆ ಎಂದರೆ ನನ್ನ ತಾಯಿ ನಂಬುವವಳಲ್ಲ. "ತಿನ್ನಾಕ ಬರೂದಿಲ್ಲಂದ್ರ ಜಾಗಾ ಯಾಕ ಕೊಟ್ಟಾರ ಅದಕ್ಕ?" ಎನ್ನುವಳು.

ಎಲೆಗಳಡಿ ಬಿದ್ದಿದ್ದ ಐದು ಕೋಡು ಆರಿಸಿದೆ. ಒಂದನ್ನು ಸುಲಿದೆ. ತೆಳು ತೊಗಟೆಯೊಳಗೆ ಪಾರದರ್ಶಕ ತಿರುಳು, ಅದರಲ್ಲಿ ಸಾಲಾಗಿ ಕೂತ ಹೊಳೆಯುವ ಕಪ್ಪು ಬೀಜ. ಎಳನೀರ ಗಂಜಿಯೇ. ಬಾಯಿಗೆ ಹಾಕಿದೆ.

ಸಪ್ಪೆ! ನೀರು ಸೌತೆಯಷ್ಟೂ ರುಚಿಯಿಲ್ಲ. ಇನ್ನೊಂದು ತಿಂದೆ, ಅದೂ ಸಪ್ಪೆ. "ಸೀ ಅಂದ್ರ ಸೀ" ಎಂದು ಮಾವ ನಾಲಿಗೆ ಚಪ್ಪರಿಸುತ್ತಿದ್ದದ್ದು ನನ್ನ ಕಿವಿಯಲ್ಲೇ ಇತ್ತು. ಕಂಡವರು ಬಣ್ಣ ಹೇಳಬಹುದು. ತಿಂದವರು ಮಾತ್ರ ರುಚಿ ಹೇಳಬಲ್ಲರು. ಹಾಗಾದರೆ ಅವರು ತಿಂದಿರಲಿಲ್ಲವೆ? ಯಾರೋ ಮಿಲಿಟರಿಯವರು ಹೇಳಿದ್ದನ್ನು ಕಲಕತ್ತೆಯಲ್ಲಿ ಕೇಳಿಕೊಂಡು ಬಂದಿದ್ದರೆ? ಒಂದು ಗಳಿಗೆಯ ಹಿಂದೆ ನಂಬಿದ್ದವನು ಮತ್ತೆ ಅಳೆಯತೊಡಗಿದ್ದೆ.

"ಮಾರಾಯಾ, ಹಸಿದವನಿಗೆ ಎಲ್ಲ ಸಿಹಿ ಅಲ್ದಾ?" ಎಂದ ಹೆಗಡೆ. ಒಪ್ಪಿಕೊಂಡೆ. ಪೂರ್ತಿ ಒಪ್ಪಲಿಲ್ಲ.

ನಾಲ್ಕನೆಯ ದಿನ: ಔಷಧಿ ಅಂಗಡಿ, ಅಂಚೆ ಮನೆ

ಬೆಳಿಗ್ಗೆ ಎದ್ದು ನೋಡಿದರೆ ಉಳಿದ ಮೂರು ಕೋಡುಗಳ ಮೈ ಸುಕ್ಕಿ, ಮುಟ್ಟಿದಲ್ಲೆಲ್ಲ ಕಂದು ಕಲೆ. ಬಣ್ಣ ಹೋಗುವ ಮೊದಲು ಸ್ಪಿರಿಟ್ಟಿನಲ್ಲಿ ಮುಳುಗಿಸಬೇಕು. ಅದಕ್ಕೊಂದು ಅಗಲ ಬಾಯಿಯ ಬಾಟಲಿ ಬೇಕು. ಇಬ್ಬರೂ ಒಂದೇ ಕಡೆ ನೋಡಿದೆವು.

"ಆಗ್ತಿಲ್ಲೆ," ಎಂದ ಹೆಗಡೆ.

ನಾನು ಮೂರೂ ಕೋಡುಗಳನ್ನು ಅವನೆದುರು ಸಾಲಾಗಿ ಇಟ್ಟೆ.

"ಹಡಗಿನಲ್ಲಿ ಹದಿನೆಂಟು ದಿನ ಮಾರಾಯಾ."

ಕಂದು ಕಲೆಗಳನ್ನು ತೋರಿಸಿದೆ. ಅವನು ಬಾಟಲಿ ಬಿಚ್ಚಿ, ಒಂದು ಮಿಡಿ ನನಗೆ ಕೊಟ್ಟು, ಒಂದನ್ನು ತಾನು ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದ. ಗೊರಟೆಯನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡದ್ದನ್ನು ನಾನು ನೋಡಿಯೂ ನೋಡದ ಹಾಗೆ ಮಾಡಿದೆ.

ಔಷಧಿ ಅಂಗಡಿಯವನು ಸ್ಪಿರಿಟ್ ಕೊಟ್ಟ. ಅದು ನೇರಳೆ ಬಣ್ಣ! ಜನ ಕುಡಿಯಬಾರದೆಂದು ಅಲ್ಲಿ ಅದಕ್ಕೆ ಬಣ್ಣ ಬೆರೆಸಿಯೇ ಮಾರುತ್ತಾರೆ. ಬೇರೆ ಸ್ಪಿರಿಟ್ಟಿಗೆ ಪರವಾನಗಿ ಬೇಕು. ಕೋಡುಗಳನ್ನು ಅದರಲ್ಲೇ ಮುಳುಗಿಸಿದೆ. ಹೆಗಡೆ ಬಾಟಲಿಯನ್ನು ಬೆಳಕಿಗೆ ಹಿಡಿದು ನಕ್ಕ.

"ನಾ ಎರಡು ವರ್ಷ ಬಣ್ಣ ಕಲಿತವ, ಹೇಳ್ತೆ ಕೇಳು. ಇದನ್ನ ಶಿರಸಿಯಲ್ಲಿ ತೋರಿಸಿದ್ರೆ ಏನಂತಾರೆ ಗೊತ್ತಾ? ಮಾವ ಮದ್ದು ಹೊಡೆದ್ರು, ಅಳಿಯ ಬಣ್ಣ ಹಾಕಿದ."

ಅದನ್ನು ಕೇಳಿದ ಮೇಲೆ ಕಾಲು ನಿಲ್ಲಲಿಲ್ಲ. ಬಾಟಲಿಯನ್ನು ನಂಬುವಂತಿಲ್ಲ, ಊರು ಸೇರಲು ವರ್ಷ ಬೇಕು. ಇವತ್ತೇ ಏನಾದರೂ ಹೋಗಬೇಕು. ನೇರ ಅಂಚೆ ಮನೆಗೆ ನಡೆದು, ನಿಂತುಕೊಂಡೇ, ಒಂದು ವಿಮಾನದ ಕಾಗದ ಅಂಗಡಿ ನೋಡಿಕೊಳ್ಳುವ ಅಣ್ಣನ ಹೆಸರಿಗೆ, ಶಿರಸಿಯ ಅಂಗಡಿಯ ವಿಳಾಸಕ್ಕೆ ಬರೆದೆ. ಮಾವ ಹೇಳಿದ ಗಿಡವನ್ನು ಕಣ್ಣಾರೆ ಕಂಡೆ. ನಾನು ಹೇಳಿದ್ದು ತಪ್ಪು, ಪುಸ್ತಕ ನೋಡಿದ್ದೂ ತಪ್ಪು. ಆ ನೀಲಿ ಹಣ್ಣು ಚೀನಾ ಬಿಟ್ಟು ಬೇರೆ ಕಾಡಿನಲ್ಲಿ ಇಲ್ಲ. ಆದ್ದರಿಂದ ಮಾವ ಚೀನಾಕ್ಕೆ ಹೋಗಿದ್ದು ಖಂಡಿತ. ಸಪ್ಪೆ ಎಂಬ ಮಾತು ಬರೆಯಲಿಲ್ಲ. ಕೊನೆಯ ಸಾಲು ಇವತ್ತಿಗೂ ಬಾಯಿಪಾಠ: "ಮಾವ ಬಂದ ದಿನ ಕಟ್ಟೆಯ ಮೇಲೆ ಎಲ್ಲರ ಮುಂದೆ ಇದನ್ನು ಗಟ್ಟಿಯಾಗಿ ಓದತಕ್ಕದ್ದು."

ಅಂಚೆ ಡಬ್ಬಿಗೆ ಹಾಕಿದ ಮೇಲೆ ಅಷ್ಟು ದಿನದಲ್ಲಿ ಮೊದಲ ಸಲ ಒಂದು ಕಡೆ ಕೂತೆ. ಕಡಲಿನೆದುರು ಬೆಂಚಿನ ಮೇಲೆ, ಕಾಲು ಗಂಟೆ.

ಐದನೆಯ ದಿನ: ಬ್ರಿಸ್ಟಲ್

ಶನಿವಾರ ಸಂಜೆ ಬ್ರಿಸ್ಟಲ್ ನಿಲ್ದಾಣದಲ್ಲಿ ಗಾಡಿ ಬದಲಿಸಬೇಕಿತ್ತು. ಹೆಗಡೆ ಚಹಾ ತರಲು ಹೋದವನು ಚಹಾ ಇಲ್ಲದೆ ಬಂದ, ಕೈಯಲ್ಲಿ ಸಂಜೆಯ ಪತ್ರಿಕೆ. ಗಡಿಯಲ್ಲಿ ಚೀನಾದ ಸೈನ್ಯ ನಮ್ಮವರ ಮೇಲೆ ಬಿದ್ದಿತ್ತು. ಯುದ್ಧ.

ಪಕ್ಕದಲ್ಲಿದ್ದ ಟೋಪಿಯ ಗೃಹಸ್ಥನೊಬ್ಬ ಪತ್ರಿಕೆಯ ಮೇಲಿಂದ ನಮ್ಮನ್ನು ನೋಡಿ, "ನಿಮ್ಮ ದೇಶವೇ? ವಿಷಾದ" ಎಂದ. ಫಾಲ್ಮತ್‌ನ ಮನೆಯೊಡತಿಯಂತೆ ಅವನೂ ಹವೆಯ ಬಗ್ಗೆ ಹೇಳುವ ಹಾಗೆಯೇ ಹೇಳಿದ. ಹೆಗಡೆಯ ತಮ್ಮ ಸೈನ್ಯದಲ್ಲಿದ್ದ. ಹೆಗಡೆ ಬೆಂಚಿನ ಮೇಲೆ ಕೂತು ಕಿಸೆಯಲ್ಲಿದ್ದ ಗೊರಟೆಯ ಪೊಟ್ಟಣವನ್ನು ಗಾಡಿ ಬರುವವರೆಗೆ ಬೆರಳಲ್ಲಿ ಆಡಿಸುತ್ತಿದ್ದ. ನಾನು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ.

ಮಾವ ಚೀನಾಕ್ಕೆ ಹೋಗಿದ್ದರೆಂದು ಸಾರುವ ನನ್ನ ಕಾಗದ ಆ ಹೊತ್ತಿಗೆ ಎಲ್ಲೋ ಆಕಾಶದಲ್ಲಿತ್ತು. ಅಂಗಡಿಗೆ ತಂತಿ ಕೊಡಬಹುದಿತ್ತು: ಕಾಗದ ಓದಬೇಡಿ ಎಂದು, ಎರಡೇ ಮಾತು. ಆ ಯೋಚನೆ ಅಂದು ಹೊಳೆಯಲೇ ಇಲ್ಲ ಎಂಬಂತೆ ದಿನಚರಿಯಲ್ಲಿ ಬರೀ ಯುದ್ಧದ ಸುದ್ದಿಯಿದೆ. ಹೊಳೆದಿತ್ತು ಎಂದು ನನಗೆ ಅನುಮಾನ. ಹೊಳೆದು, ಅದನ್ನು ಬರೆಯದೆ ಬಿಟ್ಟೆ ಎಂದು ಅನುಮಾನ. ಆ ಕಾಗದ ಓದಲ್ಪಡಬೇಕೆಂಬ ಆಸೆ ಮಾವನಿಗಾಗಿ ಎಷ್ಟಿತ್ತು, ಕೊನೆಗೂ ಕಂಡುಹಿಡಿದ ನನಗಾಗಿ ಎಷ್ಟಿತ್ತು?

ಅಕ್ಕನ ಕಾಗದ

ನವೆಂಬರಿನಲ್ಲಿ ಸಿದ್ದಾಪುರದಿಂದ ಅಕ್ಕನ ಕಾಗದ ಬಂತು. ದೀಪಾವಳಿಗೆ ತವರಿಗೆ ಹೋಗಿದ್ದಳಂತೆ. ಅವಳು ಬರೆದದ್ದನ್ನು ನನ್ನ ಮಾತು ಬೆರೆಸದೆ ಕೊಡುತ್ತೇನೆ.

"ಮಾವ ಬಂದಿದ್ದರು. ಕಟ್ಟೆಯ ಮೇಲೆ ಜನ ರೇಡಿಯೋ ಕೇಳಲು ಕೂಡಿದ್ದರು. ಅಣ್ಣ ನಿನ್ನ ಕಾಗದ ತೆಗೆದು ಓದಿದ. ನೀನು ಗಟ್ಟಿಯಾಗಿ ಅಂದಿದ್ದಿ, ಗಟ್ಟಿಯಾಗಿಯೇ ಓದಿದ. ಈ ಸಲ ಯಾರೂ ನಗಲಿಲ್ಲ. ಒಬ್ಬರು ಮಾತ್ರ, ಹಂಗಾರ ಅಲ್ಲಿ ಯಾರ್ ಯಾರ ಪರಿಚಯ ಐತ್ರೀ ನಿಮಗ ಅಂತ ಕೇಳಿದರು. ಮಾವ ಕಾಗದ ಇಸಗೊಂಡು ಮಡಚಿದರು. ಹುಡುಗಗ ಓದಿ ಓದಿ ತಲಿ ಕೆಟ್ಟದ, ನಾ ಕಲಕತ್ತಾ ದಾಟಿಲ್ಲ, ಎಲ್ಲಾ ಸುಳ್ಳು ಹೇಳಿದ್ದೆ ಅಂದರು. ಊಟಕ್ಕೆ ನಿಲ್ಲಲಿಲ್ಲ. ಯಲ್ಲಾಪುರದಲ್ಲಿ ಈಗ ಹುಡುಗರು ಲಾರಿ ಕಂಡರೆ ಚೀನಾ ಚೀನಾ ಅಂತ ಕೂಗತಾರಂತೆ. ನೀನು ಮಾಡಿದ್ದು ಒಳ್ಳೆಯದಕ್ಕೇ ಅಂತ ನನಗೆ ಗೊತ್ತು. ಇನ್ನು ಆ ವಿಷಯ ಬರೆಯಬೇಡ."

ನಿಜ ಹೇಳಿದರೆ ಗೆಲ್ಲಬಹುದಾಗಿದ್ದ ದಿನ ಅವರು ಸುಳ್ಳುಗಾರರೆಂದು ನಾನು ತೋರಿಸಿಕೊಟ್ಟೆ. ಸುಳ್ಳೇ ರಕ್ಷಣೆಯಾಗಿದ್ದ ದಿನ ಅವರ ಮಾತು ನಿಜವೆಂದು ತೋರಿಸಿಕೊಟ್ಟೆ. ಎರಡು ಸಲವೂ ಸಸ್ಯಶಾಸ್ತ್ರದ ಆಧಾರ ಕೊಟ್ಟಿದ್ದೆ.

ಯಲ್ಲಾಪುರ

ಇದು ಪರದೇಶವಲ್ಲ, ಆದರೂ ಆ ಪ್ರವಾಸ ಮುಗಿದದ್ದು ಇಲ್ಲಿಯೇ. ಮರುವರ್ಷದ ಚಳಿಗಾಲದಲ್ಲಿ ಊರಿಗೆ ಬಂದು, ಮೂರನೆಯ ದಿನ ಶಿರಸಿಯಿಂದ ಯಲ್ಲಾಪುರದ ಬಸ್ಸು ಹತ್ತಿದೆ. ಬಾಟಲಿ ತೊಡೆಯ ಮೇಲೆ. ಸ್ಪಿರಿಟ್ಟಿನ ನೇರಳೆ ಮಾಸಿ ತಿಳಿ ಚಹಾದಂತಾಗಿತ್ತು, ಕೋಡುಗಳು ಕಪ್ಪುಗಂದು. ನೀಲಿಯ ಕುರುಹೂ ಇರಲಿಲ್ಲ.

ಮಾವನ ಮನೆ ನಂದೊಳ್ಳಿಯ ಕಡೆ ಹೋಗುವ ದಾರಿಯಲ್ಲಿ. ಜಗುಲಿಯ ಮೇಲೆ ಕೂತು ಲಾರಿಯ ಯಾವುದೋ ಬಿಡಿಭಾಗ ಒರೆಸುತ್ತಿದ್ದರು.

"ಬಾರಪಾ ವಿಲಾಯ್ತಿ. ಸೊರಗೀಯಲ್ಲೋ. ಏನೂ ತಿನ್ನಾಕ ಕೊಡಲಿಲ್ಲೇನು ರಾಣಿ?"

ನಮಸ್ಕಾರ ಮಾಡಿದೆ.

"ಮಾವಾ, ನನ್ನಿಂದ ತಪ್ಪಾತು."

"ಯಾವ್ದು? ಆವಾಗಿಂದೋ, ಈಗಿಂದೋ?"

"ಎರಡೂ."

"ಹೂಂ," ಎಂದರು. ಒಳಗೆ ತಿರುಗಿ, "ಏ, ಹುಡುಗಗ ಚಾ ತಾ," ಎಂದು ಕೂಗಿದರು. ಅತ್ತೆ ಚಹಾ ತಂದಿಟ್ಟು ನನ್ನ ತಲೆ ನೇವರಿಸಿ ಒಳಗೆ ಹೋದರು.

ಬಾಟಲಿ ಮುಂದಿಟ್ಟೆ. ಮಾವ ಮುಚ್ಚಳ ತೆಗೆದು ಮೂಸಿದರು. "ಉಪ್ಪಿನಕಾಯಿ ಏನೋ ಇದು?"

"ಬಾಟ್ಲಿ ಉಪ್ಪಿನಕಾಯಿದು. ಒಳಗಿರೂದು ನಿಮ್ಮ ಕೋಡು, ಮಾವಾ. ಬಣ್ಣ ಹೋಗೇತಿ. ನೀಲಿ ಇತ್ತು, ನಾ ಕಣ್ಣಾರೆ ನೋಡೇನಿ. ತಿಂದೂ ನೋಡಿದೆ. ಆದ್ರ ಸಪ್ಪಗಿತ್ತು. ನೀವು ಸೀ ಅಂದಿದ್ರಿ."

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, ತುಸು ಓರೆ ಮಾಡಿ, ಒಂದೊಂದೇ ಕೋಡು ಉರುಳುವುದನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು ಎಂದು ನನಗೆ ನೆನಪು. ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ.

"ಬಂದ್ರೇನ್ರೀ ಅಳಿಯಾ? ಏನ್ರೀ ಅದು, ಬಾಟ್ಲಿಯೊಳಗ?"

ನಾನು ಅವನ ಕಡೆ ತಿರುಗಿದೆ. ಹೇಳಲೇ? ಯುದ್ಧ ನಿಂತು ವರ್ಷವಾಗಿತ್ತು. ಹೇಳಬಹುದಿತ್ತು. ಮಾವನ ಕೈ ನನ್ನ ಮೊಣಕಾಲಿನ ಮೇಲೆ ಬಂದು ಕೂತಿತು. ಸ್ಟಿಯರಿಂಗ್ ಹಿಡಿದು ಗಟ್ಟಿಯಾದ ಕೈ.

"ವಿಲಾಯ್ತಿ ಹುಣಸಿಕಾಯಿ," ಎಂದರು ಮಾವ.

"ಹೌದ್ರೀ? ಹುಳಿ ಐತೇನ್ರೀ?"

"ನಂಗೇನ್ ಗೊತ್ತಪಾ. ನಾ ಎಲ್ಲಿ ತಿಂದೇನಿ?"

ದರ್ಜಿ ನಕ್ಕ, ಮಾವನೂ ನಕ್ಕರು. ಮಾತು ಹುಣಸೆಯಿಂದ ಮದುವೆಗೆ, ಮದುವೆಯಿಂದ ನನ್ನ ಮದುವೆಗೆ ಹೋಯಿತು. ನಾನು ಎರಡು ಸಲ ಎದ್ದು ಅಂಗಳಕ್ಕಿಳಿದು ಬಂದೆ. ದರ್ಜಿ ಹೋಗಲಿಲ್ಲ. ನನ್ನ ಬಸ್ಸಿನ ಹೊತ್ತಾಯಿತು.

ಮಾವ ಬಸ್ಸಿನವರೆಗೆ ಬಂದರು. ದಾರಿಯಲ್ಲಿ, ಅಂದು ತಿಂದ ಕೋಡುಗಳಿಂದ ಒಣಗಿಸಿಟ್ಟಿದ್ದ ಬೀಜದ ಪೊಟ್ಟಣ ಕೊಟ್ಟೆ. ಚಳಿದೇಶದ ಗಿಡ, ನಮ್ಮಲ್ಲಿ ಹುಟ್ಟುವುದು ಕಷ್ಟ ಎಂದೆ. ಬಿಚ್ಚಿ ನೋಡಲಿಲ್ಲ, ಅಂಗಿಯ ಕಿಸೆಗೆ ಹಾಕಿಕೊಂಡರು. ಹೊಸ ಟೈರಿನ ಬೆಲೆ ಏರಿದ್ದು, ಘಟ್ಟದ ತಿರುವಿನಲ್ಲಿ ಮಣ್ಣು ಕುಸಿದದ್ದು ಹೇಳುತ್ತ ನಡೆದರು. ಹದಿನಾಲ್ಕು ತಿಂಗಳು ನಾನು ಕೇಳಬೇಕೆಂದು ಇಟ್ಟುಕೊಂಡಿದ್ದ ಪ್ರಶ್ನೆ ಒಂದೇ: ಅದನ್ನು ನೀವು ತಿಂದದ್ದು ನಿಜವೇ? ಅದನ್ನು ಕೇಳಿ ಮೂರನೆಯ ತಪ್ಪು ಮಾಡಬಾರದೆಂದು ಹಲ್ಲು ಕಚ್ಚಿಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಡ್ರೈವರ್ ಗಾಡಿ ಚಾಲು ಮಾಡಿದ. ಮಾವ ಅವನಿಗೆ ಕೈ ತೋರಿಸಿ ಒಂದು ಗಳಿಗೆ ನಿಲ್ಲಿಸಿದರು. ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ಕಿತ್ತು ತಿಂದ್ಯೋ, ಬಿದ್ದದ್ದು ತಿಂದ್ಯೋ?"

"ಬಿದ್ದದ್ದು, ಮಾವಾ. ಕೀಳಾಕ ಬಿಡಲಿಲ್ಲ."

"ಅದಕ್ಕ ಸಪ್ಪ. ಬಿದ್ದ ಮ್ಯಾಲೆ ಅದು ನೀರು. ಗಿಡದಾಗ ಇದ್ದಾಗ್ಲೇ ಕಿತ್ತು, ಅಲ್ಲೇ ನಿಂತು ತಿನ್ನಬೇಕು, ತಮ್ಮಾ," ಎಂದು ಹೇಳಿ, ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿದರು.